ಕಾಲ್ಚೆಂಡಾಟಗಾರನ ತೊಡೆ: ಮುನ್ನೆಚ್ಚರಿಕೆಯೇ ಮದ್ದು

ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿ ಮುಂಬಯಿಗೆ ಬಂದು ರೋವರ್ಸ್ ಕಪ್ ಗೆದ್ದಿತು, ಮರುವರ್ಷವೂ ಗೆದ್ದಿತು. ಈ ಮಹಾನಗರದ ಕಾಲ್ಚೆಂಡಾಟದೊಡನೆ ಕನ್ನಡ ನಾಡಿನ ನಂಟು ಅಷ್ಟು ಹಳೆಯದು. ಇಂದು ಆ ಆಟವು ಥಾಣೆ, ಡೊಂಬಿವಲಿ, ಕಲ್ಯಾಣಗಳ ಮಕ್ಕಳನ್ನೂ ಸೆಳೆದಿದೆ. ನವಿ ಮುಂಬಯಿಯ ಡಿ. ವೈ. ಪಾಟೀಲ ಕ್ರೀಡಾಂಗಣದಲ್ಲಿ 2022ರ ಅಕ್ಟೋಬರ್ 30ರಂದು ಹದಿನೇಳು ವರ್ಷದೊಳಗಿನ ಬಾಲಕಿಯರ ವಿಶ್ವಕಪ್ಪಿನ ಅಂತಿಮ ಪಂದ್ಯವೇ ನಡೆಯಿತು. ಉತ್ಸಾಹಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ಎಚ್ಚರಿಕೆಗೆ.

ತೊಡೆಯ ಹಿಂಬದಿಯ ಮೂರು ಸ್ನಾಯುಗಳಿಗೆ ಒಟ್ಟಾಗಿ ಹ್ಯಾಮ್‌ಸ್ಟ್ರಿಂಗ್ ಎಂದು ಹೆಸರು. ವೇಗವಾಗಿ ಓಡುವಾಗ ಮುಂದಕ್ಕೆ ಚಿಮ್ಮಿದ ಕಾಲನ್ನು, ಅದು ನೆಲ ಮುಟ್ಟುವ ಮುನ್ನ, ತಡೆದು ಹಿಡಿಯುವ ಹೊಣೆ ಇವುಗಳದು. ಹಿಗ್ಗುತ್ತಿರುವಾಗಲೇ ಬಿಗಿಹಿಡಿಯಬೇಕಾದ ಆ ಕ್ಷಣದಲ್ಲಿ ದುರ್ಬಲವಾದ ಅಥವಾ ದಣಿದ ಸ್ನಾಯು ಹರಿಯುತ್ತದೆ. ಯುರೋಪಿನ ಶ್ರೇಷ್ಠ ತಂಡಗಳಲ್ಲಿಯೂ ಒಟ್ಟು ಗಾಯಗಳಲ್ಲಿ ಇದರ ಪಾಲು 2001-02ರಲ್ಲಿ ಶೇಕಡಾ 12 ಇದ್ದುದು, 2021-22ರಲ್ಲಿ ಶೇಕಡಾ 24ಕ್ಕೇರಿತು. ವೈದ್ಯರನ್ನು ಜೊತೆಗಿಟ್ಟುಕೊಂಡವರ ಪಾಡೇ ಹೀಗಿರಲು, ವಾರವಿಡೀ ಲೋಕಲ್ ಗಾಡಿಯಲ್ಲಿ ನಿಂತು, ಕಚೇರಿಯಲ್ಲಿ ಕುಳಿತು, ಭಾನುವಾರ ನೇರವಾಗಿ ಮೈದಾನಕ್ಕಿಳಿಯುವ ತರುಣನ ಪಾಡೇನು?

ಪರಿಹಾರ ದುಬಾರಿಯದಲ್ಲ. ಮಂಡಿಯೂರಿ ನೆಟ್ಟಗೆ ನಿಂತು, ಸಂಗಾತಿಯು ಹಿಮ್ಮಡಿಗಳನ್ನು ಅದುಮಿ ಹಿಡಿದಿರಲು, ಸೊಂಟ ಬಾಗಿಸದೆ ಮೆಲ್ಲಮೆಲ್ಲನೆ ಮುಂದಕ್ಕೆ ವಾಲಿ, ಕೊನೆಗೆ ಅಂಗೈಗಳಿಂದ ನೆಲ ಮುಟ್ಟುವುದೇ ನಾರ್ಡಿಕ್ ವ್ಯಾಯಾಮ. ಡೆನ್ಮಾರ್ಕಿನ 942 ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯು ಇದರ ಪ್ರಯೋಜನವನ್ನು ತೋರಿಸಿತು. ಇದನ್ನೊಳಗೊಂಡ ಅಭ್ಯಾಸಕ್ರಮಗಳಿಂದ ಇಂತಹ ಗಾಯಗಳು ಸುಮಾರು ಅರ್ಧಕ್ಕಿಳಿಯುತ್ತವೆಂದು 2019ರ ಸಮೀಕ್ಷೆಯೊಂದು ಕಂಡುಕೊಂಡಿತು. ಮೊದಲ ವಾರ ನಾಲ್ಕೈದು ಬಾರಿ ಸಾಕು. ನೋವಿಗೆ ಹೆದರದೆ, ಆತುರಪಡದೆ ಹೆಚ್ಚಿಸುತ್ತ ಹೋಗಬೇಕು. ಆಟಕ್ಕೆ ಮೊದಲು ಇಪ್ಪತ್ತು ನಿಮಿಷ ಮೈ ಬಿಸಿಮಾಡಿಕೊಳ್ಳುವ ಫೀಫಾ 11+ ಕ್ರಮದಲ್ಲಿಯೂ ಇದು ಸೇರಿದೆ.

ಇಲ್ಲಿ ಸಂಘಸಂಸ್ಥೆಗಳ ಹೊಣೆಯೂ ಉಂಟು. ಒಂದೇ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಒಂದೇ ತಂಡವನ್ನು ನಾಲ್ಕು ಪಂದ್ಯಗಳಲ್ಲಿ ಆಡಿಸುವ ಪದ್ಧತಿ ಸಲ್ಲದು. ದಣಿವೇ ಈ ಗಾಯದ ನೆಂಟ. ಒಮ್ಮೆ ಗಾಯಗೊಂಡ ತೊಡೆಗೆ ಮತ್ತೆ ಗಾಯವಾಗುವ ಸಂಭವ ಹೆಚ್ಚು. ಆದ್ದರಿಂದ, ನೋವಿಲ್ಲದೆ ಪೂರ್ಣ ವೇಗದಲ್ಲಿ ಓಡಲಾಗದ ಹುಡುಗನನ್ನು 'ಫೈನಲ್ ಒಂದು ಆಡಿಬಿಡು' ಎಂದು ಹುರಿದುಂಬಿಸುವವನು ಹಿತೈಷಿಯಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವೇನು? ಪಾರಿತೋಷಕಗಳಿಗೆ ಹಣ ಕೂಡಿಸುವ ಸಂಘಗಳು ಆಟಗಾರರಿಗೆ ಈ ಇಪ್ಪತ್ತು ನಿಮಿಷಗಳನ್ನೂ ಕಡ್ಡಾಯವಾಗಿ ಕೂಡಿಸಿಕೊಡಲಿ. ಕಪ್ಪು ಮುಂದಿನ ವರ್ಷವೂ ಬಂದೀತು. ಕಾಲು ಮಾತ್ರ ಬಾಳಿನುದ್ದಕ್ಕೂ ಬೇಕಾದುದು.