ಒಂದೇ ಕಮಾಂಡ್‌ನಿಂದ ಲಿನಕ್ಸ್ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ವೇಗ ಹೆಚ್ಚುತ್ತದೆಯೇ?

‘ಲಿನಕ್ಸ್ ಕಂಪ್ಯೂಟರ್ ನಿಧಾನವೇ? ಟರ್ಮಿನಲ್‌ನಲ್ಲಿ ಎಚ್‌ಡಿಪಾರ್ಮ್‌ನ ಈ ಸಾಲು ಹಾಕಿ, ಹಾರ್ಡ್ ಡಿಸ್ಕ್ ಹಲವು ಪಟ್ಟು ವೇಗವಾಗುತ್ತದೆ’ ಎಂಬಂಥ ಸಲಹೆ ನಿಮಗೂ ಬಂದಿರಬಹುದು. ಇದು ನಿಜವೇ? ಒಂದು ಕಾಲದಲ್ಲಿ ನಿಜವಾಗಿತ್ತು. ಈಗ ಬಹುತೇಕ ಅಲ್ಲ.

ಆಗ ಏಕೆ ನಿಜವಾಗಿತ್ತು?

ಎಚ್‌ಡಿಪಾರ್ಮ್ ಎಂಬುದು ಮಾರ್ಕ್ ಲಾರ್ಡ್ ಬರೆದ, ಡಿಸ್ಕ್‌ನ ಸೆಟ್ಟಿಂಗ್ ಬದಲಿಸುವ ತಂತ್ರಾಂಶ. ಹಳೆಯ ಐಡಿಇ ಡಿಸ್ಕ್‌ಗಳಲ್ಲಿ ದತ್ತಾಂಶ ಸಾಗಿಸಲು ಎರಡು ದಾರಿಗಳಿದ್ದವು. ‘ಪಿಐಒ’ ವಿಧಾನದಲ್ಲಿ ಪ್ರೊಸೆಸರೇ ದತ್ತಾಂಶವನ್ನು ಹೊರಬೇಕು. ಅಂಗಡಿ ಯಜಮಾನರೇ ಗಲ್ಲಾ ಬಿಟ್ಟು ಮೂಟೆ ಹೊತ್ತಂತೆ. ‘ಡಿಎಂಎ’ ವಿಧಾನದಲ್ಲಿ ಆ ಕೆಲಸ ಹಮಾಲಿಯದು. ದತ್ತಾಂಶ ನೇರವಾಗಿ ಮೆಮೊರಿಗೆ ಹೋಗುತ್ತದೆ, ಪ್ರೊಸೆಸರ್ ಬೇರೆ ಕೆಲಸ ನೋಡಿಕೊಳ್ಳುತ್ತದೆ. ಪಿಐಒದ ಗರಿಷ್ಠ ಮಿತಿ ಸೆಕೆಂಡಿಗೆ ಸುಮಾರು 16 ಎಂಬಿ. ಅಲ್ಟ್ರಾ ಡಿಎಂಎ ಮಿತಿ 133 ಎಂಬಿವರೆಗೆ ಏರಿತು. ಕೆಲವು ಚಿಪ್‌ಗಳಲ್ಲಿ ಡಿಎಂಎಯಿಂದ ದತ್ತಾಂಶ ಕೆಡುತ್ತಿದ್ದ ಕಾರಣ, ಅನೇಕ ಲಿನಕ್ಸ್ ಆವೃತ್ತಿಗಳು ಅದನ್ನು ಆಫ್ ಮಾಡಿಟ್ಟಿದ್ದವು. ಆನ್ ಮಾಡಿದವರಿಗೆ ವ್ಯತ್ಯಾಸ ಕಣ್ಣಿಗೆ ಕಾಣುತ್ತಿತ್ತು.

ಈಗ ಏನಾಗಿದೆ?

ಇಂದಿನ ಸಾಟಾ ಡಿಸ್ಕ್‌ಗಳಿಗೆ ಲಿನಕ್ಸ್ ತಾನಾಗಿಯೇ ಡಿಎಂಎ ಬಳಸುತ್ತದೆ. ಹಳೆಯ ಕಮಾಂಡ್ ಹಾಕಿದರೆ ಸಾಮಾನ್ಯವಾಗಿ ದೋಷದ ಸಂದೇಶವಷ್ಟೇ ಬರುತ್ತದೆ. ಹಳೆಯ ಐಡಿಇ ಚಾಲಕಗಳನ್ನು 2021ರ ಲಿನಕ್ಸ್ 5.14ರಲ್ಲಿ ತೆಗೆದೇ ಹಾಕಲಾಯಿತು.

ಅಪಾಯ ಎಲ್ಲಿದೆ?

‘ರೈಟ್ ಕ್ಯಾಶ್’ ಆನ್ ಮಾಡಿ ಎಂಬ ಸಲಹೆಯೂ ಇದರ ಜತೆಗೆ ಬರುತ್ತದೆ. ಹೆಚ್ಚಿನ ಡಿಸ್ಕ್‌ಗಳಲ್ಲಿ ಅದು ಮೊದಲೇ ಆನ್ ಇರುತ್ತದೆ. ಯುಪಿಎಸ್ ಇಲ್ಲದ ಮನೆಯಲ್ಲಿ ಕರೆಂಟ್ ಹೋದರೆ, ಕ್ಯಾಶ್‌ನಿಂದ ಡಿಸ್ಕ್‌ಗೆ ಇನ್ನೂ ಇಳಿಯದ ದತ್ತಾಂಶ ಹೋಗಿಬಿಡಬಹುದು. ಎಚ್‌ಡಿಪಾರ್ಮ್‌ನಲ್ಲಿ ಇಡೀ ಡಿಸ್ಕ್ ಅಳಿಸುವ ಆಯ್ಕೆಯೂ ಇದೆ. ಅದರ ಕೈಪಿಡಿಯೇ ಹಲವು ಆಯ್ಕೆಗಳನ್ನು ‘ಅಪಾಯಕಾರಿ’ ಎನ್ನುತ್ತದೆ. ಅರ್ಥವಾಗದ ಸಾಲನ್ನು ‘ಸುಡೋ’ ಸೇರಿಸಿ ಹಾಕಿದರೆ ಮದುವೆಯ ಫೋಟೊ, ಮಕ್ಕಳ ಪ್ರಾಜೆಕ್ಟ್ ಎಲ್ಲವೂ ಹೋಗಬಹುದು.

ಹಾಗಾದರೆ ಏನು ಮಾಡಬೇಕು?

ಮೊದಲು ಬ್ಯಾಕಪ್ ತೆಗೆದಿಡಿ. ನಂತರ ಲಿನಕ್ಸ್‌ನ ‘ಡಿಸ್ಕ್ಸ್’ ಆ್ಯಪ್‌ನಲ್ಲಿ ‘ಸ್ಮಾರ್ಟ್’ ವರದಿ ನೋಡಿ. ಡಿಸ್ಕ್ ಹಾಳಾಗುತ್ತಿದ್ದರೂ ಕಂಪ್ಯೂಟರ್ ನಿಧಾನವಾಗುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗೂ ಹೆಚ್ಚು ತೆಗೆದುಕೊಳ್ಳುತ್ತದೆ. ಈ ಕಾಯುವಿಕೆಯನ್ನು ಯಾವ ಕಮಾಂಡೂ ತಪ್ಪಿಸದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸುವುದೇ ನಿಜವಾದ ಪರಿಹಾರ.

ಒಟ್ಟಾರೆ, ಈ ಸಲಹೆ ಪೂರ್ತಿ ಸುಳ್ಳಲ್ಲ, ಅವಧಿ ಮೀರಿದ್ದು. ಫಾರ್ವರ್ಡ್ ಮಾಡುವ ಮುನ್ನ ಅದು ಯಾವ ಕಾಲದ್ದು ಎಂದು ಒಮ್ಮೆ ನೋಡಿ.