ಅವನ ಪಟ್ಟಿ, ನಮ್ಮ ಪಾಸ್‌ಪೋರ್ಟು
ಜರ್ಮನ್ ಸಹೋದ್ಯೋಗಿಯ ಪಟ್ಟಿ ಹಿಡಿದು ಕ್ರೊಯೇಷಿಯಾದ ಸ್ಪ್ಲಿಟ್‌ನಿಂದ ಮಾಂಟೆನೆಗ್ರೊದ ಕೋಟರ್‌ವರೆಗೆ ಕಡಲಗುಂಟ ಕಾರಲ್ಲಿ ಹೋಗಿಬರಲು ಹೊರಟ ಗೆಳೆಯರೇ, ಸ್ವಲ್ಪ ನಿಲ್ಲಿ. ಅವನ ಪಾಸ್‌ಪೋರ್ಟು ನಿಮ್ಮದಲ್ಲ. 2023ರ ಜನವರಿಯಿಂದ ಕ್ರೊಯೇಷಿಯಾ ಷೆಂಗೆನ್ ಒಳಗೆ, ಮಾಂಟೆನೆಗ್ರೊ ಹೊರಗೆ. ಒಂದೇ ಪ್ರವೇಶದ ವೀಸಾದಲ್ಲಿ ಗಡಿ ದಾಟಿದರೆ ಡುಬ್ರೊವ್ನಿಕ್‌ಗೆ ಮರಳುವಂತಿಲ್ಲ, ಸೂಟ್‌ಕೇಸು ಅಲ್ಲೇ ಇದ್ದರೂ.

ನನ್ನ ಎಕ್ಸೆಲ್ ಹಾಳೆಯಲ್ಲಿ ಪೆಟ್ರೋಲು, ಟೋಲು, ಊಟ ಎಲ್ಲ ಇತ್ತು. ಈ ಒಂದು ಕಾಲಂ ಇರಲಿಲ್ಲ. ಕೋಟರ್‌ನ ಹೋಟೆಲಿನ ದುಡ್ಡು ಹೋಯಿತು, ಮಗಳ ಮುಖ ಸಪ್ಪಗಾಯಿತು. ಪ್ರಾಜೆಕ್ಟ್ ಮ್ಯಾನೇಜರಂತೆ ನಾನು! 'ಯುರೋಪಿಗೆಲ್ಲ ಒಂದೇ ವೀಸಾ ಸಾರ್' ಎಂದ ಏಜೆಂಟನನ್ನು ಬೈಯುವುದು ಸುಲಭ. ನಂಬಿದವನು ನಾನೇ ತಾನೆ?

ಬೋಸ್ನಿಯಾದ ನೆಯುಮ್ ದಾಟುವ ರಗಳೆ ತಪ್ಪಿಸಲು ಕ್ರೊಯೇಷಿಯಾ 2.4 ಕಿ.ಮೀ. ಉದ್ದದ ಪೆಲ್ಯೆಶಾತ್ಸ್ ಸೇತುವೆಯನ್ನೇ ಕಟ್ಟಿ 2022ರಲ್ಲಿ ತೆರೆಯಿತು. ನಮಗೆ ಮಾತ್ರ ಗಡಿಯೆಂದರೆ ನಕ್ಷೆಯ ಗೆರೆ! ಬಹುಪ್ರವೇಶದ ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಬುಕಿಂಗ್ ಮಾತ್ರ ಮಾಡಿ. ಸಿಗದಿದ್ದರೆ ಡುಬ್ರೊವ್ನಿಕ್‌ನಿಂದಲೇ ಕಾರು ತಿರುಗಿಸಿ.