ವಿಳಾಸದ ಮೊದಲರ್ಧ

2010ರ ಮೇ 5ರಂದು ಅಂತರ್ಜಾಲದ ಮೂಲಪಟ್ಟಿಗೆ ಅರೇಬಿಕ್ ಲಿಪಿಯ ದೇಶಸೂಚಕಗಳು ಮೊದಲ ಬಾರಿಗೆ ಸೇರಿದವು. ಸೌದಿ ಅರೇಬಿಯ, ಈಜಿಪ್ಟ್, ಯುಎಇ ದೇಶಗಳ ಹೆಸರುಗಳು ಅವು. ಸೌದಿಯ ಜಾಲತಾಣವೊಂದರ ವಿಳಾಸವನ್ನು ಪೂರ್ತಿ ಅರೇಬಿಕ್‌ನಲ್ಲೇ ಬರೆಯಲು ದಾರಿಯಾಯಿತು. ಆದರೆ ಅದೇ ಲಿಪಿಯಲ್ಲಿ ಇಮೇಲ್ ವಿಳಾಸ ಇಟ್ಟುಕೊಂಡವರ ಪತ್ರ ಇಂದಿಗೂ ಎಲ್ಲ ಕಡೆ ತಲುಪುವುದಿಲ್ಲ.

ತೊಡಕಿರುವುದು ವಿಳಾಸದ ಮೊದಲರ್ಧದಲ್ಲಿ. ‘@’ ಗುರುತಿನ ನಂತರದ ಡೊಮೇನ್ ಹೆಸರು ಯಾವ ಲಿಪಿಯದಾದರೂ ಒಳಗೊಳಗೇ ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿ ಮಾರ್ಪಡುತ್ತದೆ. ಹಳೆಯ ಸರ್ವರಿಗೂ ಅದು ಅರ್ಥವಾಗುತ್ತದೆ. ‘@’ ಗುರುತಿಗೆ ಮೊದಲು ಬರುವ ವ್ಯಕ್ತಿಯ ಹೆಸರು ಹಾಗಲ್ಲ. ಅದನ್ನು ಬಿಡಿಸಿ ಓದುವ ಅಧಿಕಾರ ಪತ್ರ ಪಡೆಯುವ ಸರ್ವರಿನದು ಮಾತ್ರ, ನಡುವಿನವರು ಮುಟ್ಟುವಂತಿಲ್ಲ. ಜಾನ್ ಪೋಸ್ಟೆಲ್ 1982ರಲ್ಲಿ ಇಮೇಲ್ ಸಾಗಣೆಯ ನಿಯಮ ಬರೆದಾಗ ಇಂಗ್ಲಿಷ್ ಅಕ್ಷರಗಳಾಚೆಗೆ ಅಲ್ಲಿ ಜಾಗವಿರಲಿಲ್ಲ.

2009ರಲ್ಲೊಂದು ಪ್ರಯೋಗ ನಡೆಯಿತು. ಮುಂದಿನ ಸರ್ವರಿಗೆ ಹೊಸ ಲಿಪಿ ತಿಳಿಯದಿದ್ದರೆ ದಾರಿಯಲ್ಲೇ ವಿಳಾಸ ಬದಲಿಸಿ, ಬದಲಿ ಇಂಗ್ಲಿಷ್ ವಿಳಾಸ ಹಾಕಿ ಕಳಿಸುವುದು. 2012ರ ಅಂತಿಮ ನಿಯಮ ಅದನ್ನು ಕೈಬಿಟ್ಟಿತು. ಎದುರಿನ ಸರ್ವರಿಗೆ ಅರ್ಥವಾಗುತ್ತದೆಯೇ ಎಂದು ನೋಡು, ಇಲ್ಲವಾದರೆ ಪತ್ರವನ್ನು ಹಿಂತಿರುಗಿಸು ಎಂದಿತು. ಇದು ಬಳಕೆದಾರರಿಗೆ ಕಠಿಣವೆನಿಸಬಹುದು. ನನಗೆ ಸರಿಯೆನಿಸುತ್ತದೆ. ಪತ್ರ ಹೋಗಲಿಲ್ಲವೆಂದು ತಿಳಿದವರು ಫೋನ್ ಮಾಡಿಯಾರು. ವಿಳಾಸ ತಿರುಚಿಕೊಂಡು ಹೋದ ಪತ್ರದ ಉತ್ತರ ಎಲ್ಲಿ ಕಳೆದುಹೋಯಿತೆಂದು ಯಾರಿಗೂ ಗೊತ್ತಾಗದು.

ನಾನು ಒಪ್ಪದಿರುವುದು ಇನ್ನೊಂದು ಬಗೆಯ ಬಿಗಿತನವನ್ನು. ಅರೇಬಿಕ್ ಅಥವಾ ಕನ್ನಡ ವಿಳಾಸ ಕಂಡೊಡನೆ ಅರ್ಜಿ ನಮೂನೆ ‘ಅಸಿಂಧು’ ಎನ್ನುತ್ತದೆ. ಕೇಳಿದರೆ ನಿಯಮ ಹಾಗಿದೆ ಎಂಬ ಉತ್ತರ. ಅದು 1982ರ ನಿಯಮ! ಸ್ಪ್ಯಾಮ್ ಸೋಸುವ ತಂತ್ರಾಂಶ, ದಾಖಲೆಗಳ ಹುಡುಕಾಟ, ಡೇಟಾಬೇಸ್ ಎಲ್ಲವನ್ನೂ ತಿದ್ದಬೇಕಾಗುತ್ತದೆ, ನಿಜ. ಆದರೆ ಆ ಶ್ರಮ ಹೆಚ್ಚಿನಂಶ ಒಮ್ಮೆ ಪಡುವಂಥದ್ದು. ಕಷ್ಟ ಮಾತ್ರ ಬಳಸುವವರಿಗೆ ದಿನದಿನವೂ.

ಭಾಷೆಗೆ ತಕ್ಕ ನಿಯಮ ಬರೆದ ಉದಾಹರಣೆಯೂ ಇದೆ. ಸೌದಿಯ ತಜ್ಞರೂ ಸೇರಿ 2010ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 5564 ಎಂಬ ಕೈಪಿಡಿ ಹೊರತಂದರು. ಅರೇಬಿಕ್ ಡೊಮೇನ್ ಹೆಸರುಗಳಲ್ಲಿ ಸ್ವರಚಿಹ್ನೆಗಳೂ ಅಕ್ಷರವನ್ನು ಎಳೆದುದ್ದ ಮಾಡುವ ಗೆರೆಯೂ ಬೇಡವೆಂದರು. ದಿನಬಳಕೆಯ ಅರೇಬಿಕ್ ಬರಹದಲ್ಲಿ ಆ ಚಿಹ್ನೆಗಳನ್ನು ಹೇಗೂ ಬಿಡುತ್ತಾರೆ, ಓದುಗರಿಗೆ ನಷ್ಟವಿಲ್ಲ. ಒಂದೇ ಹೆಸರಿಗೆ ಹಲವು ರೂಪಗಳಾಗುವ ಗೊಂದಲವೂ ತಗ್ಗಿತು. ಭಾಷೆ ಬಲ್ಲವರು ಬರೆದ ನಿಯಮದ ಗುಣವಿದು. ಇದನ್ನೇ ಕನ್ನಡಕ್ಕೆ ಹೇರಿದರೆ ಕಿ, ಕೂ, ಕೆ ಎಲ್ಲವೂ ಬರೀ ಕ ಆಗಿಬಿಡುತ್ತವೆ.

ನಮಗೆ ಬೇರೆಯೇ ಸಂಕಟವಿದೆ. ವಿಳಾಸದ ಮೊದಲರ್ಧಕ್ಕೆ 64 ಬೈಟ್‌ಗಳ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಅರೇಬಿಕ್‌ಗೆ ಎರಡು ಬೇಕು. ಕನ್ನಡದಲ್ಲಿ ಮೂಲಾಕ್ಷರಕ್ಕೆ ಮೂರು, ಗುಣಿತಚಿಹ್ನೆಗೆ ಮತ್ತೆ ಮೂರು, ಒತ್ತಿಗೆ ಆರು. ಲಕ್ಷ್ಮೀನಾರಾಯಣಶಾಸ್ತ್ರಿ ಎಂಬ ಹೆಸರಿಗೇ 63 ಬೈಟ್ ಮುಗಿಯುತ್ತವೆ, ಮುಂದೆ ಕನ್ನಡದ ಒಂದು ಇನಿಷಿಯಲ್ಲಿಗೂ ಎಡೆಯಿಲ್ಲ. 2012ರ ನಿಯಮವೂ ಈ ಮಿತಿಯನ್ನು ಬೈಟ್‌ಗಳಲ್ಲೇ ಉಳಿಸಿಕೊಂಡಿದೆ. ಅದನ್ನು ಅಕ್ಷರಗಳ ಲೆಕ್ಕಕ್ಕೆ ಬದಲಿಸಬೇಕೆಂದು ಕನ್ನಡದ ತಂತ್ರಜ್ಞರು ಕೇಳಬೇಕು.